ತಥ್ಯ ಪರಿಶೀಲನೆ: ಐವತ್ತು ದಾಟಿದವರು ಹೊಸ ಕೆಲಸ ಕಲಿಯಲಾರರೇ?

ಸಾರಾಂಶ
‘ಐವತ್ತು ದಾಟಿದ ಮೇಲೆ ಮೆದುಳು ಮೊಂಡಾಗುತ್ತದೆ, ಅಂಥವರಿಗೆ ತರಬೇತಿ ಕೊಡುವುದು ದಂಡ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಜೊತೆಗೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯೂ ಇರುತ್ತದೆ. ನಾವು ಪರಿಶೀಲಿಸಿದಾಗ ಈ ಮಾತು ಬಹುತೇಕ ಸುಳ್ಳು ಎಂದು ತಿಳಿದುಬಂತು.

ವಯಸ್ಸಾದಂತೆ ಮೆದುಳಿನ ಶಕ್ತಿ ಕುಗ್ಗುತ್ತದೆಯೇ?
ಭಾಗಶಃ ನಿಜ. ನೋಡಿದ್ದನ್ನು ಥಟ್ಟನೆ ಗ್ರಹಿಸುವ ವೇಗ ವಯಸ್ಸಿನೊಂದಿಗೆ ಇಳಿಯುತ್ತದೆ. ಆದರೆ ಎಲ್ಲ ಸಾಮರ್ಥ್ಯಗಳೂ ಒಟ್ಟಿಗೆ ಇಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ವಾರ್ನರ್ ಶಾಯಿ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ದೀರ್ಘ ಅಧ್ಯಯನದಲ್ಲಿ, ಪದಜ್ಞಾನ ಮತ್ತು ತರ್ಕಶಕ್ತಿ ಮಧ್ಯವಯಸ್ಸಿನಲ್ಲೂ ಚೆನ್ನಾಗಿಯೇ ಇರುವುದು ಕಂಡುಬಂತು. ಸಾಮರ್ಥ್ಯ ಕುಗ್ಗಿದ್ದ ಹಿರಿಯರಿಗೆ ಕೇವಲ 5 ಗಂಟೆ ತರಬೇತಿ ಕೊಟ್ಟಾಗ, ಅವರಲ್ಲಿ ಸುಮಾರು 40% ಮಂದಿ 14 ವರ್ಷಗಳ ಹಿಂದಿನ ಮಟ್ಟಕ್ಕೆ ಮರಳಿದರು.

ಅನುಭವ ಹೇಗೆ ನೆರವಾಗುತ್ತದೆ?
1984ರಲ್ಲಿ ಟಿಮೊಥಿ ಸಾಲ್ಟ್‌ಹೌಸ್ ಎಂಬ ಸಂಶೋಧಕರು 19ರಿಂದ 72 ವರ್ಷದ ಬೆರಳಚ್ಚುಗಾರರನ್ನು ಪರೀಕ್ಷಿಸಿದರು. ಹಿರಿಯರ ಬೆರಳುಗಳು ನಿಧಾನವಾಗಿದ್ದವು. ಆದರೂ ಒಟ್ಟು ಟೈಪಿಂಗ್ ವೇಗ ಕಿರಿಯರಿಗಿಂತ ಕಡಿಮೆ ಇರಲಿಲ್ಲ. ಕಾರಣ, ಮುಂದೆ ಬರಲಿರುವ ಅಕ್ಷರಗಳನ್ನು ಅವರು ಮೊದಲೇ ಓದಿಕೊಳ್ಳುತ್ತಿದ್ದರು.

ಕಾರ್ಖಾನೆಗಳಲ್ಲಿ ಇದು ಸಾಧ್ಯವೇ?
2007ರಲ್ಲಿ ಜರ್ಮನಿಯ ಡಿಂಗೊಲ್ಫಿಂಗ್‌ನ ಬಿಎಂಡಬ್ಲ್ಯು ಕಾರ್ಖಾನೆ, ಸರಾಸರಿ 47 ವರ್ಷದ ಕೆಲಸಗಾರರ ತಂಡಕ್ಕೆ ಒಂದು ಉತ್ಪಾದನಾ ಸಾಲನ್ನು ವಹಿಸಿತು. ‘ನಿಮಗೇನು ತೊಂದರೆ?’ ಎಂದು ಅವರನ್ನೇ ಕೇಳಿತು. ಮರದ ನೆಲಹಾಸು, ಕೂರಲು ಕುರ್ಚಿ, ಭೂತಗನ್ನಡಿ, ಪರದೆಯ ಮೇಲೆ ದೊಡ್ಡ ಅಕ್ಷರ ಹೀಗೆ ಸುಮಾರು 70 ಸಣ್ಣ ಬದಲಾವಣೆಗಳಾದವು. ಖರ್ಚು ಸುಮಾರು 40,000 ಯೂರೋ. ಒಂದೇ ವರ್ಷದಲ್ಲಿ ಉತ್ಪಾದಕತೆ 7% ಏರಿ, ಕಿರಿಯರ ಸಾಲುಗಳಿಗೆ ಸಮವಾಯಿತು.

ಸರ್ಟಿಫಿಕೇಟ್ ಇಲ್ಲದ ಅನುಭವಿಗಳು ಏನು ಮಾಡಬಹುದು?
ನಮ್ಮಲ್ಲಿ ಎಷ್ಟೋ ಗಾರೆ ಕೆಲಸದವರು, ಟೈಲರ್‌ಗಳು, ಎಲೆಕ್ಟ್ರಿಷಿಯನ್‌ಗಳು ಕೆಲಸ ಮಾಡುತ್ತಲೇ ಕಲಿತವರು. ಕೈಯಲ್ಲಿ ಕಸುಬಿದೆ, ಕಾಗದವಿಲ್ಲ. ಇಂಥವರಿಗಾಗಿ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಪೂರ್ವ ಕಲಿಕೆಯ ಗುರುತಿಸುವಿಕೆ’ (ಆರ್‌ಪಿಎಲ್) ಎಂಬ ವ್ಯವಸ್ಥೆಯಿದೆ. ಗೊತ್ತಿರುವ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ವಯೋಮಿತಿ ಮತ್ತು ಲಭ್ಯವಿರುವ ಕಸುಬುಗಳನ್ನು ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ನೋಡಿಕೊಳ್ಳಿ.

ಹಿರಿಯರಿಗೆ ಕಲಿಸುವುದು ಹೇಗೆ?
• ಭಾಷಣ ಬೇಡ, ಅವರ ಕೈಯಿಂದಲೇ ಮಾಡಿಸಿ.
• ಅವಸರಪಡಿಸಬೇಡಿ. ಒಂದು ಹಂತ ರೂಢಿಯಾದ ಮೇಲೆ ಮುಂದಿನದು.
• ಹೊಸದನ್ನು ಅವರಿಗೆ ಗೊತ್ತಿರುವ ಕೆಲಸದೊಂದಿಗೆ ಜೋಡಿಸಿ. ಲೆಕ್ಕದ ಪುಸ್ತಕ ಬರೆದವರಿಗೆ ಕಂಪ್ಯೂಟರಿನ ಲೆಕ್ಕದ ಹಾಳೆ ಪೂರ್ತಿ ಹೊಸತಲ್ಲ.
• ಕಿರಿಯರೊಬ್ಬರನ್ನು ಜೊತೆಗೆ ಹಾಕಿ. ಕಿರಿಯರು ಮೊಬೈಲ್ ಕಲಿಸಲಿ, ಹಿರಿಯರು ಕಸುಬು ಕಲಿಸಲಿ.

ಗಮನಿಸಿ: ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವಷ್ಟು ಮರೆವು ಇದ್ದರೆ ಅದನ್ನು ‘ವಯಸ್ಸಾಯಿತು’ ಎಂದು ಬಿಡಬೇಡಿ, ವೈದ್ಯರಿಗೆ ತೋರಿಸಿ.

ತೀರ್ಮಾನ
ವಯಸ್ಸಾದಂತೆ ಕಲಿಕೆ ನಿಧಾನವಾಗಬಹುದು, ನಿಲ್ಲುವುದಿಲ್ಲ. ಇಂಥ ಸಂದೇಶ ನಂಬಿ ಮಾಲೀಕರು ತರಬೇತಿ ನಿಲ್ಲಿಸಿದರೆ ಒಬ್ಬರ ಅನ್ನ ಹೋಗುತ್ತದೆ. ಹಿರಿಯರೇ ನಂಬಿಬಿಟ್ಟರೆ ಪ್ರಯತ್ನವನ್ನೇ ಕೈಬಿಡುತ್ತಾರೆ. ಆದ್ದರಿಂದ ಅದನ್ನು ಫಾರ್ವರ್ಡ್ ಮಾಡಬೇಡಿ ಎಂಬುದು ನಮ್ಮ ಕೋರಿಕೆ.