ಮನೆಯಲ್ಲೇ ಕ್ಷಯ ಚಿಕಿತ್ಸೆ: ಮದರಾಸಿನ ಅಧ್ಯಯನ

1950ರ ದಶಕದವರೆಗೂ ಕ್ಷಯರೋಗಿಗೆ ಸ್ಯಾನಟೋರಿಯಂ ವಾಸವೇ ಸರಿಯಾದ ಚಿಕಿತ್ಸೆ ಎಂದು ವೈದ್ಯರು ನಂಬಿದ್ದರು: ಶುದ್ಧ ಗಾಳಿ, ಪುಷ್ಟಿಕರ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಆದರೆ ಭಾರತದಲ್ಲಿದ್ದ ಹಾಸಿಗೆಗಳು ರೋಗಿಗಳ ಸಂಖ್ಯೆಗೆ ಏನೇನೂ ಸಾಲುತ್ತಿರಲಿಲ್ಲ. ಐಸೋನಿಯಾಜಿಡ್‌ನಂಥ ಅಗ್ಗದ ಗುಳಿಗೆ ಬಂದ ಮೇಲೆ ಮನೆಯಲ್ಲೇ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆ ಎದ್ದಿತು. ಅದರ ಪರೀಕ್ಷೆಗೆಂದು 1956ರಲ್ಲಿ ಮದರಾಸಿನಲ್ಲಿ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ವ್ಯಾಲೇಸ್ ಫಾಕ್ಸ್ ಅದರ ಮುಂದಾಳು.

ನಗರದ ಬಡ ರೋಗಿಗಳಲ್ಲಿ 193 ಮಂದಿಯನ್ನು ಅಧ್ಯಯನಕ್ಕೆ ಆರಿಸಲಾಯಿತು. ಯಾರು ಮನೆಗೆ, ಯಾರು ಸ್ಯಾನಟೋರಿಯಂಗೆ ಎಂಬುದು ವೈದ್ಯರ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ, ಯಾದೃಚ್ಛಿಕವಾಗಿ ನಿರ್ಧಾರವಾಗುತ್ತಿತ್ತು. ಫಲಿತಾಂಶಕ್ಕೆ ತೂಕ ಬಂದದ್ದೇ ಇದರಿಂದ. ಎರಡೂ ಗುಂಪಿಗೆ ಒಂದು ವರ್ಷ ಅದೇ ಔಷಧ: ಐಸೋನಿಯಾಜಿಡ್ ಮತ್ತು ಪಿಎಎಸ್ ಎಂಬ ಇನ್ನೊಂದು ಕ್ಷಯ ಔಷಧ. ಮನೆಯಲ್ಲಿದ್ದವರ ಊಟ ಸಾಧಾರಣ, ವಿಶ್ರಾಂತಿ ಕಡಿಮೆ, ವಾಸ ಇಕ್ಕಟ್ಟಿನದು.

1959ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮನೆಯ ಚಿಕಿತ್ಸೆ ಸ್ಯಾನಟೋರಿಯಂ ಚಿಕಿತ್ಸೆಗೆ ಹೆಚ್ಚುಕಡಿಮೆ ಸಮನಾಗಿತ್ತು. ರೋಗಿಯೊಡನೆ ಬಾಳುವ ಮನೆಮಂದಿಗೂ ಅದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. ಬಡ ದೇಶಗಳ ಪಾಲಿಗೆ ಇದಕ್ಕಿಂತ ದೊಡ್ಡ ವೈದ್ಯಕೀಯ ಸುದ್ದಿ ಆ ದಶಕದಲ್ಲಿ ವಿರಳ. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ರೂಪುಗೊಂಡು 1962ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾರ್ಯಕ್ರಮ ಮನೆಯ ಚಿಕಿತ್ಸೆಯನ್ನೇ ಆಧಾರವಾಗಿಸಿಕೊಂಡಿತು.