ದಿನಕ್ಕೆ 21,600: ನಮ್ಮೂರಿನ ಉಸಿರಿನ ಲೆಕ್ಕ

ಪೋಸ್ಟ್ 1

ಫೋನಲ್ಲಿ ಸ್ಟಾಪ್‌ವಾಚ್ ಹಾಕಿ, ಒಂದು ನಿಮಿಷ ನಿಮ್ಮ ಉಸಿರು ಎಣಿಸಿ ನೋಡಿ. ಒಳಗೆ ಹೋಗಿ ಹೊರಗೆ ಬಂದರೆ ಒಂದು. ನಾನು ಪುತ್ತೂರು ಬಸ್‌ಸ್ಟ್ಯಾಂಡಲ್ಲಿ ಸುಳ್ಯ ಬಸ್ಸಿಗೆ ಕಾಯುವಾಗ ಎಣಿಸಿದೆ, 17 ಬಂತು. ಹಳೆಯ ಯೋಗಗ್ರಂಥಗಳ ಪ್ರಕಾರ 15 ಬರಬೇಕು. ನಿಮಿಷಕ್ಕೆ 15, ಗಂಟೆಗೆ 900, ಹಗಲು ರಾತ್ರಿ ಸೇರಿ 21,600.

ಈ 21,600 ಉಸಿರಲ್ಲೂ ಒಂದು ಮಂತ್ರ ತನ್ನಷ್ಟಕ್ಕೇ ನಡೀತಾ ಇರ್ತದೆ ಅಂತ ಆ ಗ್ರಂಥಗಳು ಹೇಳ್ತವೆ. ಉಸಿರು ಒಳಗೆ ಬರುವಾಗ 'ಸ', ಹೊರಗೆ ಹೋಗುವಾಗ 'ಹ'. 'ಹಂಸ ಹಂಸ' ಅಂತ ನಿಲ್ಲಿಸದೆ ಹೇಳಿ ನೋಡಿ, ಸ್ವಲ್ಪ ಹೊತ್ತಲ್ಲಿ ಅದು 'ಸೋಹಂ ಸೋಹಂ' ಅಂತ ಕೇಳಲಿಕ್ಕೆ ಶುರುವಾಗ್ತದೆ. ಸಂಸ್ಕೃತದಲ್ಲಿ 'ಸಃ' ಅಂದರೆ ಅವನು, 'ಅಹಂ' ಅಂದರೆ ನಾನು. ಸಂಧಿಯಾದರೆ ಸೋಽಹಂ: ಅವನೇ ನಾನು. ನಾವು ಜಪ ಮಾಡದೇ ಇದ್ದರೂ ನಡೆಯುವ ಜಪ, ಹಾಗಾಗಿ ಇದಕ್ಕೆ 'ಅಜಪಾ' ಅಂತ ಹೆಸರು. ನಿದ್ದೆಯಲ್ಲೂ ನಿಲ್ಲುವುದಿಲ್ಲ, ಪರೀಕ್ಷೆ ಹಾಲಲ್ಲೂ ನಿಲ್ಲುವುದಿಲ್ಲ.

ಈಗ ರೀಲ್ಸಲ್ಲಿ ಇದು ನಿದ್ದೆ ಬರಲಿಕ್ಕೆ, ಟೆನ್ಶನ್ ಇಳಿಲಿಕ್ಕೆ ಅಂತ ಓಡ್ತಾ ಉಂಟು. ಅದರಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕ ಇಟ್ಟವರು ಯಾರು, ಅವರಿಗೂ ನಮ್ಮ ಈ ಮೂರು ತಾಲೂಕಿಗೂ ಎಂತ ಸಂಬಂಧ ಅಂತ ಯಾವ ರೀಲಲ್ಲೂ ನಾನು ನೋಡಲಿಲ್ಲ.

ಪೋಸ್ಟ್ 2

ಮೊದಲು ಸಂಖ್ಯೆಯ ಕಥೆ. ಆರ್ಯಭಟ ಗೊತ್ತಲ್ಲ, ಕ್ರಿ.ಶ. 499ರ ಆರ್ಯಭಟೀಯದವರು. ಅವರ ಕಾಲದ ಖಗೋಳ ಲೆಕ್ಕದಲ್ಲಿ 'ಪ್ರಾಣ' ಅನ್ನುವುದೇ ಒಂದು ಕಾಲಮಾನ. ಆರು ಪ್ರಾಣ ಸೇರಿದರೆ ಒಂದು ವಿನಾಡಿ, 60 ವಿನಾಡಿಗೆ ಒಂದು ನಾಡಿ, 60 ನಾಡಿಗೆ ಒಂದು ದಿನ. 6 × 60 × 60 ಮಾಡಿ, 21,600 ಬರ್ತದೆ. ಒಂದು ಪ್ರಾಣ ಅಂದರೆ ಸುಮಾರು 4 ಸೆಕೆಂಡ್.

ಮಜಾ ಇರೋದು ಮುಂದೆ. ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಕಲೆ. ಒಟ್ಟು ಎಷ್ಟು? ಅದೇ 21,600. ಒಂದು ಪ್ರಾಣದ ಹೊತ್ತಲ್ಲಿ ಭೂಮಿ ಒಂದು ಕಲೆಯಷ್ಟು ತಿರುಗ್ತದೆ ಅಂತ ಆರ್ಯಭಟ ಬರೆದಿಟ್ಟಿದ್ದಾರೆ. ಅಂದರೆ ನೀವು ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಆಕಾಶ ಒಂದು ಗೆರೆ ಸರಿದಿರ್ತದೆ. ಯೋಗಿಗಳು ಮೂಗಿನ ಹತ್ತಿರ ಕೂತು ಎಣಿಸಿ ಈ ಸಂಖ್ಯೆ ತಂದದ್ದಲ್ಲ, ಜ್ಯೋತಿಷಿಗಳ ಗಡಿಯಾರದಿಂದ ತೆಗೆದುಕೊಂಡದ್ದು ಅಂತ ನನ್ನ ಅಂದಾಜು. ನಿಮ್ಮದು 17 ಬಂದರೆ ಹೆದರಬೇಡಿ ಮಾರಾಯ್ರೆ, ಆರಾಮಾಗಿ ಕೂತಿರುವಾಗ 12ರಿಂದ 20ರವರೆಗೆ ಎಲ್ಲವೂ ಸಾಮಾನ್ಯವೇ.

ಪೋಸ್ಟ್ 3

ಈಗ ಅರ್ಥಕ್ಕೆ ಬರುವ. 'ಅವನೇ ನಾನು' ಅಂತ ಸುಲಭದಲ್ಲಿ ಹೇಳಿಬಿಟ್ಟೆ. ಆದರೆ ನಮ್ಮೂರಲ್ಲೇ ಇದಕ್ಕೆ ಎಲ್ಲರೂ ಒಪ್ಪುವುದಿಲ್ಲ.

ಪುತ್ತೂರು, ಸುಳ್ಯ ಕಡೆಯ ಹವ್ಯಕರ ಮನೆಗಳು ಹೆಚ್ಚಾಗಿ ರಾಮಚಂದ್ರಾಪುರ ಮಠದ ಶಿಷ್ಯವರ್ಗ, ಅಂದರೆ ಶಂಕರರ ಅದ್ವೈತ ಪರಂಪರೆ. ಅವರಿಗೆ ಈ ಮಾತು ಇದ್ದ ಹಾಗೇ ಸತ್ಯ. ಉಸಿರಾಡುವ ಈ 'ನಾನು' ಮತ್ತು ಆ ಪರಬ್ರಹ್ಮ ಬೇರೆ ಬೇರೆ ಅಲ್ಲ.

ಅಲ್ಲಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬನ್ನಿ (ಈಗ ಕಡಬ ತಾಲೂಕು, ನಮ್ಮ ಅಪ್ಪನ ಬಾಯಲ್ಲಿ ಇನ್ನೂ ಸುಳ್ಯವೇ). ಅಲ್ಲಿಯ ಸುಬ್ರಹ್ಮಣ್ಯ ಮಠದ ಪರಂಪರೆ ಶುರುವಾಗುವುದು ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರಿಂದ. ಮಾಧ್ವರೂ 21,600 ಹಂಸಮಂತ್ರವನ್ನು ಒಪ್ಪುತ್ತಾರೆ. ಆದರೆ ಜಪ ಮಾಡುವವರು ನಾವಲ್ಲ, ನಮ್ಮೊಳಗೆ ಕೂತ ಮುಖ್ಯಪ್ರಾಣ, ವಾಯುದೇವರು. ಹಾಗಾದರೆ 'ಸೋಽಹಂ'ನಲ್ಲಿರುವ 'ನಾನು' ಎಂತ ಮಾಡುವುದು? ಈಶಾವಾಸ್ಯ ಉಪನಿಷತ್ತಿನಲ್ಲಿ ಇದೇ ಮಾತು ಬರುವ ಕಡೆ ಮಧ್ವರು 'ಅಹಂ' ಅನ್ನುವುದನ್ನು 'ನಾನು' ಅಂತ ಓದುವುದೇ ಇಲ್ಲ. 'ಅಹೇಯ', ಅಂದರೆ ಯಾರೂ ಬಿಡಲಿಕ್ಕೆ ಆಗದವನು ಅಂತ ಅರ್ಥ ಹೇಳಿ, ಅದನ್ನು ಭಗವಂತನ ಹೆಸರೇ ಮಾಡಿಬಿಡ್ತಾರೆ! ಮೊದಲ ಸಲ ಓದಿದಾಗ ಇದು ಜಾಣ್ಮೆಯ ತಪ್ಪಿಸಾಟ ಅನ್ನಿಸಿತ್ತು. ಆಮೇಲೆ ಯೋಚಿಸಿದರೆ, ಉಸಿರು ನನ್ನ ಕೈಯಲ್ಲಿಲ್ಲ, ಯಾರೋ ಆಡಿಸ್ತಾ ಇದ್ದಾರೆ ಅನ್ನುವುದು ನಮ್ಮ ದಿನದ ಅನುಭವಕ್ಕೆ ಹತ್ತಿರವೇ ಉಂಟು. ಎರಡು ನಿಮಿಷ ಬಿಗಿಹಿಡಿದು ನೋಡಿ, ಗೊತ್ತಾಗ್ತದೆ ಯಾರ ಕೈ ಮೇಲು ಅಂತ.

ಘಟ್ಟದ ಮೇಲೆ 12ನೇ ಶತಮಾನದಲ್ಲಿ ಬಸವಣ್ಣ ಇನ್ನೊಂದೇ ದಾರಿ ಹಿಡಿದ. ಸೋಹಂ ಬೇಡ, ದಾಸೋಹಂ ಬೇಕು ಅಂದ. ಒಂದೇ ಅಕ್ಷರ ಮುಂದೆ ಸೇರಿತು, 'ನಾನೇ ಅವನು' ಹೋಗಿ 'ನಾನು ದಾಸ' ಆಯಿತು. ಅನ್ನದಾಸೋಹ ಅನ್ನುವಾಗಿನ ದಾಸೋಹ ಇದೇ. ನಮ್ಮಲ್ಲಿ ಅನ್ನಸಂತರ್ಪಣೆ ಅಂತೇವೆ, ಹಾಗಾಗಿ ಈ ಕೊಂಡಿ ನಮಗೆ ಬೇಗ ಕಾಣುವುದಿಲ್ಲ.

ಪೋಸ್ಟ್ 4

ಅಜಪಾ ಜಪವನ್ನು ಎದೆಗೆ ಹಚ್ಚಿಕೊಂಡು ದೇಶವಿಡೀ ನಡೆದಾಡಿಸಿದವರು ನಾಥಪಂಥದವರು. ಗೋರಕ್ಷನಾಥರ ಹೆಸರಲ್ಲಿರುವ ಗೋರಕ್ಷಶತಕದಲ್ಲಿ ಈ 21,600ರ ಲೆಕ್ಕ ಸ್ಪಷ್ಟವಾಗಿ ಉಂಟು. ಅವರ ದೊಡ್ಡ ನೆಲೆಗಳಲ್ಲಿ ಒಂದು ನಮ್ಮ ಮಂಗಳೂರಿನ ಕದ್ರಿ. ಅಲ್ಲಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನ ಉಂಟು, ಆಳುಪ ರಾಜ ಕುಂದವರ್ಮ ಹಾಕಿಸಿದ್ದು. ದೇವಸ್ಥಾನದ ಹತ್ತಿರದ ಗುಡ್ಡೆಯಲ್ಲಿ ಜೋಗಿ ಮಠ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿಗೆ ಬಂದಾಗ ಕದ್ರಿಯ 'ಜೋಗಿಗಳ ರಾಜ'ನನ್ನು ನೋಡಲೆಂದೇ ಹೋದ, ಕಂಡದ್ದನ್ನು ಬರೆದಿಟ್ಟ. ಆ ಪಟ್ಟ ಈಗಲೂ ಉಂಟು. 12 ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ಸಾಧುಗಳ ಝುಂಡಿ ಕಾಲ್ನಡಿಗೆಯಲ್ಲಿ ಕದ್ರಿಗೆ ಬರ್ತದೆ, ಹೊಸ ರಾಜನಿಗೆ ಪಟ್ಟ ಕಟ್ತದೆ. ಕಳೆದ ಸಲ 2016. ಮುಂದಿನದ್ದು 2028.

ನಮಗೆ ಇನ್ನೂ ಹತ್ತಿರ ಬೇಕಾದರೆ ವಿಟ್ಲದಲ್ಲೂ ಜೋಗಿ ಮಠ ಉಂಟು, ಪುತ್ತೂರಿಂದ ಬಸ್ಸು ಹತ್ತಿದರೆ ಆಯಿತು. ಸುಳ್ಯ ಕಡೆಯ ಅರೆಭಾಷೆ ಗೌಡರ ಸಿದ್ಧವೇಷವನ್ನೂ ಜಾನಪದ ವಿದ್ವಾಂಸರು ನಾಥಪಂಥದ ಜೊತೆ ಸೇರಿಸ್ತಾರೆ. ಸುಗ್ಗಿ ತಿಂಗಳ ರಾತ್ರಿ ಸನ್ಯಾಸಿ ವೇಷ ಮುಂದೆ, ಉಳಿದವರು ಹಿಂದೆ, ಅಂಗಳದಲ್ಲಿ ಸುತ್ತು ಹಾಕಿ ಕುಣಿಯುವುದು. ಚಿಕ್ಕಂದಿನಲ್ಲಿ ಅತ್ತೆ ಮನೆಯಲ್ಲಿ ನೋಡಿದ್ದೆ. ನಗಾಡುವ ವೇಷ ಅಂತ ಮಾತ್ರ ತಿಳ್ಕೊಂಡಿದ್ದೆ.

ಈ ಸರಣಿ ಬರೆಯಲಿಕ್ಕೆ ನಿಜವಾದ ಕಾರಣ ಈಗ ಹೇಳ್ತೇನೆ. ಹೈಸ್ಕೂಲಲ್ಲಿ ನಮ್ಮ ಕ್ಲಾಸಲ್ಲಿ ಜೋಗಿ ಸಮುದಾಯದ ಒಬ್ಬ ಹುಡುಗ ಇದ್ದ. ಅವನಿಗೆ ಎಲ್ಲರೂ 'ಜೋಳಿಗೆ' ಅಂತ ಕರೀತಿದ್ದರು. ನಾನೂ ಕರೆದಿದ್ದೇನೆ, ಒಂದೆರಡು ಸಲ ಅಲ್ಲ. 'ಊಟ ಮಾಡದಿದ್ದರೆ ಜೋಗಿಗೆ ಕೊಡ್ತೇನೆ' ಅಂತ ಅಜ್ಜಿ ಹೆದರಿಸಿ ಬೆಳೆಸಿದವರಲ್ವಾ ನಾವು. ಅದೇ ವರ್ಷ ಯೋಗ ದಿನಕ್ಕೆ ಗ್ರೌಂಡಲ್ಲಿ ಸಾಲಾಗಿ ಕೂತು, ಕಣ್ಣು ಮುಚ್ಚಿ 'ಸೋಹಂ' ಅಂತ ಉಸಿರು ಎಳೆದೆವು. ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಯಾರ ಹಿರಿಯರು ಈ ಉಸಿರನ್ನು ಊರೂರು ಹೊತ್ತು ತಿರುಗಿದರೋ ಆ ಹುಡುಗನಿಗೆ ನಾವು ಅಡ್ಡಹೆಸರು ಇಟ್ಟಿದ್ದೆವು ಅಂತ ಆಗ ನನಗೂ ಗೊತ್ತಿರಲಿಲ್ಲ, ಬಹುಶಃ ಅವನಿಗೂ ಗೊತ್ತಿರಲಿಲ್ಲ. ಹೋದ ತಿಂಗಳು ಮೆಸೇಜ್ ಮಾಡಿ ಸಾರಿ ಕೇಳಿದೆ. 'ಅದೆಲ್ಲ ನೆನಪೇ ಇಲ್ಲ ಬಿಡು' ಅಂದ. ನೆನಪಿಲ್ಲದೆ ಇರಲಿಕ್ಕಿಲ್ಲ ಅಂತ ನನಗೆ ಅನ್ನಿಸ್ತದೆ.

2028ಕ್ಕೆ ಝುಂಡಿ ನೋಡಲಿಕ್ಕೆ ಒಟ್ಟಿಗೆ ಕದ್ರಿಗೆ ಹೋಗುವ ಅಂತ ಮಾತಾಗಿದೆ. ಅಷ್ಟರಲ್ಲಿ ನಿಮ್ಮ ಮನೆ ಕಡೆ ಯಾರಾದರೂ ಸಿದ್ಧವೇಷದ ಹಾಡು ಹೇಳುವ ಅಜ್ಜಂದಿರು ಇದ್ದರೆ, ಸುಗ್ಗಿವರೆಗೆ ಕಾಯಬೇಡಿ. ಅವರನ್ನು ಕೇಳಿ, ಅವರು ಒಪ್ಪಿದರೆ ರೆಕಾರ್ಡ್ ಮಾಡಿ ನನಗೂ ಕಳಿಸಿ. ಮತ್ತೆ ನಿಮ್ಮ ಒಂದು ನಿಮಿಷದ ಲೆಕ್ಕ ಎಷ್ಟು ಬಂತು ಅಂತ ಕೆಳಗೆ ಬರೀರಿ.