ಉಪಶಯದಿಂದ ನಿದಾನ: ಎರಡು ವಿರಳ ವ್ಯಾಧಿಗಳ ಇತಿಹಾಸ

ರೋಗವನ್ನು ಅರಿತ ಬಳಿಕವೇ ಔಷಧ ಎಂಬುದು ವೈದ್ಯಶಾಸ್ತ್ರದ ಸಾಮಾನ್ಯ ಕ್ರಮ. ಆದರೆ ಆಯುರ್ವೇದದ ಆಚಾರ್ಯರು ನಿದಾನಪಂಚಕವನ್ನು ಹೇಳುವಾಗ ನಿದಾನ, ಪೂರ್ವರೂಪ, ರೂಪ, ಸಂಪ್ರಾಪ್ತಿಗಳ ಜೊತೆಗೆ ಉಪಶಯವನ್ನೂ ಸೇರಿಸಿದರು. ಯಾವ ಔಷಧ, ಆಹಾರ, ವಿಹಾರಗಳಿಂದ ರೋಗ ಶಮನವಾಗುತ್ತದೆಯೋ ಅದರ ಮೂಲಕವೇ ಗೂಢವಾದ ವ್ಯಾಧಿಯನ್ನು ಗುರುತಿಸುವ ಉಪಾಯವಿದು. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ವೈದ್ಯರು ಎದುರಿಸಿದ ಎರಡು ವ್ಯಾಧಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಶ್ವಾಸಕೋಶದ್ದು, ಇನ್ನೊಂದು ನಾಸಾಮಾರ್ಗದ್ದು. ಮೊದಲನೆಯದರಲ್ಲಿ ಔಷಧವು ಕಾರಣಕ್ಕಿಂತ ಮುಂಚೆ ದೊರೆಯಿತು; ಎರಡನೆಯದರಲ್ಲಿ ರೋಗಾಣು ಕಣ್ಣಿಗೆ ಬಿದ್ದು ಶತಮಾನ ಕಳೆದರೂ ನೆಚ್ಚಬಹುದಾದ ಔಷಧ ದೊರೆತಿಲ್ಲ.

ಮದನಪಲ್ಲಿಯ ಬಳಿಯ ಆರೋಗ್ಯವರಂ ಕ್ಷಯ ಆರೋಗ್ಯಧಾಮವು ಕೋಲಾರ ಸೀಮೆಗೆ ದೂರದ್ದಲ್ಲ. ಅಲ್ಲಿಯ ಡೇನಿಶ್ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್-ಮೊಲ್ಲರ್ ಅವರು ಬಾರ್ಟನ್ ಅವರೊಡನೆ 1940ರಲ್ಲಿ 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕ್ಷಯದಂತೆ ತೋರಿದರೂ ಕ್ಷಯವಲ್ಲದ ಸ್ಥಿತಿಯೊಂದು ಅದರ ವಿಷಯ. ರೋಗಿಗಳಿಗೆ ರಾತ್ರಿಯಲ್ಲಿ ಬಿಟ್ಟುಬಿಟ್ಟು ಬರುವ ಕೆಮ್ಮು, ಉಬ್ಬಸ, ಸಣ್ಣ ಜ್ವರ, ಮೈ ಇಳಿಯುವಿಕೆ ಇರುತ್ತಿದ್ದವು. ಕ್ಷ-ಕಿರಣ ಚಿತ್ರದಲ್ಲಿ ಶ್ವಾಸಕೋಶದ ತುಂಬ ರಾಗಿ ಚೆಲ್ಲಿದಂತಹ ಚುಕ್ಕೆಗಳು ಕಾಣುತ್ತಿದ್ದವು. ಆದರೆ ಕಫದಲ್ಲಿ ಕ್ಷಯದ ರೋಗಾಣು ಇರಲಿಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣಗಳು ಮಾತ್ರ ಅಸಾಧಾರಣ ಪ್ರಮಾಣದಲ್ಲಿದ್ದವು. ಸ್ಟ್ರೆಪ್ಟೊಮೈಸಿನ್ ಇನ್ನೂ ಬಂದಿರದ ಆ ಕಾಲದಲ್ಲಿ ಕ್ಷಯವೆಂಬ ಹೆಸರು ಬಿದ್ದರೆ ಮನೆ, ಉದ್ಯೋಗ, ಮದುವೆ ಎಲ್ಲಕ್ಕೂ ಕುತ್ತು ಬರುತ್ತಿತ್ತು. ಆದ್ದರಿಂದ ಇದು ಕ್ಷಯವಲ್ಲ ಎಂದು ತೋರಿಸಿಕೊಟ್ಟದ್ದೇ ರೋಗಿಗಳ ಪಾಲಿಗೆ ದೊಡ್ಡ ಉಪಕಾರವಾಯಿತೆಂದು ನಾವು ಭಾವಿಸುತ್ತೇವೆ.

1943ರಲ್ಲಿ ವೈನ್‌ಗಾರ್ಟನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಭಾರತದ 81 ರೋಗಿಗಳನ್ನು ವರ್ಣಿಸಿ ಈ ವ್ಯಾಧಿಗೆ 'ಟ್ರಾಪಿಕಲ್ ಇಯೊಸಿನೊಫಿಲಿಯ' ಎಂಬ ಹೆಸರನ್ನು ರೂಢಿಗೆ ತಂದರು. ಚಿಕಿತ್ಸೆ ಅವರಿಗೆ ಆಕಸ್ಮಿಕವಾಗಿ ದೊರೆಯಿತು. ಸಿಫಿಲಿಸ್ ಕೂಡ ಇದ್ದ ರೋಗಿಯೊಬ್ಬರಿಗೆ ಅದಕ್ಕಾಗಿ ಕೊಟ್ಟ ಆರ್ಸೆನಿಕ್ ಸಂಯುಕ್ತದ ಚುಚ್ಚುಮದ್ದಿನಿಂದ ಕೆಮ್ಮು, ಉಬ್ಬಸಗಳೂ ನಿಂತವು. ಕಾರಣ ತಿಳಿಯದೆಯೇ ಆರ್ಸೆನಿಕ್ ಚಿಕಿತ್ಸೆ ಬಳಕೆಗೆ ಬಂದಿತು. ಪಾಷಾಣದ ಅಪಾಯಗಳನ್ನು ಸಹಿಸಿಕೊಳ್ಳುವುದೊಂದೇ ಆಗಿನ ದಾರಿ.

ಮುಂದಿನ ಹೆಜ್ಜೆಯೂ ಔಷಧದ ಕಡೆಯಿಂದಲೇ ಬಂದಿತು. ಭೀಮವರಂನಲ್ಲಿ ಜನಿಸಿದ ಯೆಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ಕಾಲದಲ್ಲಿ, 1947ರಲ್ಲಿ, ಡೈಈಥೈಲ್‌ಕಾರ್ಬಮಜೀನ್ ಹೊರಬಂದಿತು. ಆನೆಕಾಲು ರೋಗದ ಫೈಲೇರಿಯ ಹುಳುವಿಗೆ ಅದು ಮದ್ದು. 1950ರ ದಶಕದಲ್ಲಿ ಅದೇ ಮಾತ್ರೆಯಿಂದ ಈ ಕೆಮ್ಮೂ ಗುಣವಾಗುವುದು ಕಂಡಾಗ ಸಂಶಯ ಹುಳುವಿನ ಕಡೆಗೆ ಬಲವಾಗಿ ತಿರುಗಿತು. ಸಿಂಗಪುರದ ದಾನರಾಜ್ ಅವರು ಔಷಧದ ಪರಿಣಾಮವನ್ನೂ ರಕ್ತರಸದ ಪರೀಕ್ಷೆಯನ್ನೂ ಒಟ್ಟಿಗೆ ಮುಂದಿಟ್ಟರು. ಆದರೆ ರೋಗಿಗಳ ರಕ್ತದಲ್ಲಿ ಹಗಲಾಗಲಿ ರಾತ್ರಿಯಾಗಲಿ ಮರಿಹುಳು ಸಿಗುತ್ತಿರಲಿಲ್ಲ. 1960ರಲ್ಲಿ ವೆಲ್ಲೂರಿನ ವೆಬ್, ಜಾಬ್ ಮತ್ತು ಗಾಲ್ಟ್ ಅವು ಎಲ್ಲಿವೆಯೆಂದು ತೋರಿಸಿದರು: ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳ ಅಂಗಾಂಶದಲ್ಲಿ. ದೇಹದ ಪ್ರತಿರೋಧವು ಮಿತಿಮೀರಿ ಎದ್ದು ಮರಿಹುಳುಗಳನ್ನು ಅಲ್ಲಿಯೇ ಹಿಡಿದು ಕೊಲ್ಲುತ್ತದೆ. ಆ ಕದನವೇ ರೋಗ.

ಇಂದು ಇಯೊಸಿನೊಫಿಲ್ ಎಣಿಕೆ ಘನ ಮಿಲಿಮೀಟರಿಗೆ 3000ಕ್ಕೂ ಮೀರಿದ್ದು, ಫೈಲೇರಿಯ ಪ್ರತಿಕಾಯಗಳು ಹೆಚ್ಚಾಗಿದ್ದು, ಇತರ ಜಂತುಹುಳುಗಳ ಬಾಧೆ ಇಲ್ಲವೆಂದು ಖಚಿತವಾದರೆ ಸುಮಾರು ಮೂರು ವಾರ ಅದೇ ಮಾತ್ರೆಯನ್ನು ಕೊಡುತ್ತಾರೆ. ಅದರಿಂದ ಗುಣ ಕಾಣುವುದೂ ರೋಗಲಕ್ಷಣಗಳ ಪಟ್ಟಿಯಲ್ಲಿಯೇ ಸೇರಿದೆ. ಇದು ಉಪಶಯವಲ್ಲದೆ ಮತ್ತೇನು? ತಡವಾದಲ್ಲಿ ಮಾತ್ರ ಶ್ವಾಸಕೋಶ ನಾರುಗಟ್ಟಿ, ಆದ ಹಾನಿ ಮರಳಿ ಸರಿಹೋಗದು.

ನಾಸಾಮಾರ್ಗದ ರೈನೊಸ್ಪೊರಿಡಿಯೋಸಿಸ್‌ನ ಕಥೆ ಇದಕ್ಕೆ ವಿಲೋಮವಾದುದು. ಮೂಗು ಕಟ್ಟುವುದು, ಪದೇ ಪದೇ ರಕ್ತ ಒಸರುವುದು, ಒಳಗೆ ಹಿಪ್ಪುನೇರಳೆ ಹಣ್ಣಿನಂತಹ ಕೆಂಪು ಗಂಟು, ಅದರ ಮೇಲೆ ಬಿಳಿಯ ಚುಕ್ಕೆಗಳು. ಆ ಚುಕ್ಕೆಗಳೇ ಬೀಜಕಣಗಳು ತುಂಬಿದ ಕೋಶಗಳು. ಸೂಕ್ಷ್ಮದರ್ಶಕದಡಿ ಒಮ್ಮೆ ನೋಡಿದವರಿಗೆ ಗುರುತು ತಪ್ಪದು. 1900ರಲ್ಲಿ ಬ್ಯೂನಸ್ ಐರಿಸ್‌ನ ಸೀಬರ್ ಇದನ್ನು ತಮ್ಮ ಪ್ರಬಂಧದಲ್ಲಿ ವರ್ಣಿಸಿದರು. 1903ರಲ್ಲಿ ಕಲ್ಕತ್ತೆಯ ರೋಗಿಯೊಬ್ಬರ ಗಂಟನ್ನು ಒ'ಕಿನೀಲಿ ವರದಿ ಮಾಡಿದರು. ರೋಗಾಣುವನ್ನು ಮೊದಲು ಏಕಕೋಶ ಪ್ರಾಣಿಯೆಂದು ಬಗೆದರು. 1923ರಲ್ಲಿ ಎಡಿನ್‌ಬರೊದ ಆಷ್‌ವರ್ತ್ ಅದನ್ನು ಶಿಲೀಂಧ್ರಗಳಲ್ಲಿ ಸೇರಿಸಿದರು. 1999ರಲ್ಲಿ ಅನುವಂಶಿಕ ದ್ರವ್ಯದ ಪರೀಕ್ಷೆಯಿಂದ ಅದು ಶಿಲೀಂಧ್ರವೂ ಅಲ್ಲ, ಮೀನುಗಳನ್ನು ಬಾಧಿಸುವ ಕೆಲವು ಪರೋಪಜೀವಿಗಳ ಬಂಧುವೆಂದು ತಿಳಿಯಿತು. ಗಣ ಹೀಗೆ ಬದಲಾದರೂ ಚಿಕಿತ್ಸೆ ಬದಲಾಗಲಿಲ್ಲ. ಗಂಟನ್ನು ಬುಡಸಹಿತ ಕತ್ತರಿಸಿ ಬುಡವನ್ನು ಸುಡುವುದೇ ಇಂದಿಗೂ ಮುಖ್ಯ ಕ್ರಮ, ಆದರೂ ಮರುಕಳಿಸುವುದುಂಟು. ಕುಷ್ಠರೋಗದ ಮದ್ದಾದ ಡ್ಯಾಪ್ಸೋನನ್ನು 1970ರ ದಶಕದಿಂದ ಜೊತೆಗೆ ಕೊಡುತ್ತಿದ್ದಾರೆ. ಅದು ಶಸ್ತ್ರಕ್ಕೆ ಸಹಾಯಕವೇ ಹೊರತು ಬದಲಿಯಲ್ಲ.

ಈ ರೋಗದ ಸುಳಿವು ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಮಾತ್ರವಲ್ಲ, ನದಿಯ ದಡದಲ್ಲಿ. 1933ರಲ್ಲಿ ನೊರೊನ್ಹಾ ಅವರು ಪುಣೆಯ ಮರಳು ತೆಗೆಯುವ ಕೂಲಿಗಳಲ್ಲಿ ಈ ಗಂಟು ಹೆಚ್ಚೆಂದು ಗಮನಿಸಿದರು. 1937ರಲ್ಲಿ ಮಂಡಲಿಕ್ ನೀರಿನಲ್ಲಿ ಮುಳುಗಿ ಮರಳು ಎತ್ತುವವರಿಗೆ ರೋಗ ತಗಲುವುದನ್ನೂ ಮುಳುಗದ ಜೊತೆಗಾರರು ಪಾರಾಗಿರುವುದನ್ನೂ ತೋರಿಸಿದರು. ನಗರಗಳ ಕಟ್ಟಡಗಳಿಗೆ ಮರಳು ಒದಗಿಸಿದವರ ಮೂಗಿನಲ್ಲಿ ಆ ದುಡಿಮೆಯ ಗುರುತು ಉಳಿದಿತ್ತು.

ಈ ಎರಡು ಇತಿಹಾಸಗಳಿಂದ ನಾವು ತಲುಪುವ ನಿರ್ಣಯ ಇಷ್ಟು: ಔಷಧದ ಫಲವು ಕಾರಣದ ದಾರಿ ತೋರಬಲ್ಲದು, ಆದರೆ ರೋಗಾಣುವಿನ ದರ್ಶನವೊಂದರಿಂದಲೇ ಔಷಧ ಹುಟ್ಟದು. ಎರಡರಲ್ಲಿಯೂ ರೋಗಿಯ ನೆಲೆ ಮತ್ತು ದುಡಿಮೆಯನ್ನು ಕೇಳದೆ ನಿದಾನ ಪೂರ್ಣವಾಗದು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಕರಾವಳಿ, ಕಲಬುರಗಿ, ಬೀದರ್ ಸೀಮೆಗಳು ಫೈಲೇರಿಯ ಕಂಡ ಪ್ರದೇಶಗಳು. ಅಲ್ಲಿಂದ ಹೊರಟು ದೂರದ ನಗರಗಳಲ್ಲಿ ನೆಲೆಸಿದ ಕನ್ನಡಿಗರೊಬ್ಬರ ರಾತ್ರಿಯ ಕೆಮ್ಮನ್ನು ಆಸ್ತಮಾ ಎಂದು ಬರೆದುಬಿಡುವುದು ಸುಲಭ. "ನಿಮ್ಮ ಊರು ಯಾವುದು?" ಎಂಬ ಒಂದು ಪ್ರಶ್ನೆ ಆ ತಪ್ಪನ್ನು ತಡೆಯಬಲ್ಲದು.